ಬರೆದದ್ದನ್ನು ಓದಿ ನೋಡುವ ಸಾವಂತ್ರಮ್ಮ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಜಗಳೂರಿನ ಬಸ್ ನಿಲ್ದಾಣದ ಹಿಂದಿರುವ ಕ್ಷಯರೋಗ ಚಿಕಿತ್ಸಾಲಯದ ಮೂಲೆಯ ಕೋಣೆಯಲ್ಲಿ ಸಾವಂತ್ರಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಒದ್ದೆ ಬಟ್ಟೆಯಿಂದ ನೆಲ ಒರೆಸುತ್ತಿದ್ದಾರೆ. ಕೈ ತೊಳೆದು ಬಂದು ಬಿದಿರು ಕಡ್ಡಿಗೆ ಹತ್ತಿ ಸುತ್ತಿ, ಸ್ಪಿರಿಟ್‌ನಲ್ಲಿ ಅದ್ದಿ, ಬೀರುವಿನಷ್ಟು ಎತ್ತರದ, ಕಂಪ್ಯೂಟರಿನ ಟೇಪು ಯಂತ್ರದ ಬಾಗಿಲು ತೆರೆಯುತ್ತಾರೆ. ಒಳಗೆ ಟೇಪು ಸವರಿಕೊಂಡು ಹಾಯುವ ಪುಟ್ಟ ಲೋಹದ ತುಂಡಿದೆ. ಅದಕ್ಕೆ ಹೆಡ್ ಎನ್ನುತ್ತಾರೆ. ಕೂಸಿನ ಕಿವಿ ಒರೆಸುವಷ್ಟು ಮೆತ್ತಗೆ ಅದನ್ನು ಒರೆಸುತ್ತಾರೆ. ಹತ್ತಿ ಕಂದು ಬಣ್ಣಕ್ಕೆ ತಿರುಗುತ್ತದೆ.

“ಬಸ್ಸು ಓಡಾಡಾಕೆ ಶುರುವಾದ್ರೆ ಧೂಳು ಏಳ್ತೈತ್ರೀ. ಪಂಪ್‌ಸೆಟ್ ಹಾಕಿದ್ರೆ ಕರೆಂಟು ಕುಣಿತೈತೆ. ಅದಕ್ಕೇ ಹೊತ್ತು ಹುಟ್ಟಾಕೆ ಮುಂಚೇನೇ ಟೇಪಿನ ಕೆಲಸ ಮುಗಿಸ್ಕಂತೀನಿ” ಎನ್ನುತ್ತಾರೆ.

ನ್ಯಾಮತಿಯಲ್ಲಿ ಹುಟ್ಟಿ, ಹೊನ್ನಾಳಿಯಲ್ಲಿ ಬೆರಳಚ್ಚು ಕಲಿತು, ಎಪ್ಪತ್ತರ ದಶಕದ ಕೊನೆಯಲ್ಲಿ ಈ ಚಿಕಿತ್ಸಾಲಯಕ್ಕೆ ಟೈಪಿಸ್ಟ್ ಆಗಿ ಬಂದವರು ಅವರು. ಕ್ಷಯದ ಆಸ್ಪತ್ರೆಯವಳೆಂದು ಬಾಡಿಗೆ ಮನೆ ಸುಲಭಕ್ಕೆ ಸಿಗಲಿಲ್ಲ. ಸಿಕ್ಕ ಮನೆಯಲ್ಲೂ ಅಕ್ಕಪಕ್ಕದವರು ಬಂದರೆ ಹೊಸ್ತಿಲಾಚೆಯೇ ನಿಲ್ಲುತ್ತಿದ್ದರು, ನೀರೂ ಮುಟ್ಟುತ್ತಿರಲಿಲ್ಲ. “ಒಡಹುಟ್ಟಿದ ಅಕ್ಕನೂ ಸೀಮಂತಕ್ಕೆ ಕರೀಲಿಲ್ಲ. ಬೇಜಾರಾಗ್ತಿತ್ತು. ಈಗ ರೂಢಿ ಆಗೈತೆ.”

ಕಂಪ್ಯೂಟರ್ ಬಂದದ್ದು ಎಂಬತ್ಮೂರರಲ್ಲಿ. ಬೆಂಗಳೂರಿನ ಕಂಪನಿಯೊಂದು ಹೊಸದನ್ನು ಕೊಂಡು, ಹಳೆಯದನ್ನು ಚಿಕಿತ್ಸಾಲಯ ನಡೆಸುವ ಟ್ರಸ್ಟಿಗೆ ದಾನ ಕೊಟ್ಟಿತ್ತು. ಕ್ಷಯಕ್ಕೆ ವರ್ಷ, ಒಂದೂವರೆ ವರ್ಷ ಬಿಡದೆ ಮಾತ್ರೆ ನುಂಗಬೇಕು. ನಡುವೆ ಬಿಟ್ಟರೆ ರೋಗ ಮರಳುತ್ತದೆ. ಯಾರು ಯಾವತ್ತು ಮಾತ್ರೆಗೆ ಬರಬೇಕೆಂದು ಕಂಪ್ಯೂಟರ್ ತಿಂಗಳಿಗೊಮ್ಮೆ ಚೀಟಿ ಅಚ್ಚು ಹಾಕುತ್ತಿತ್ತು. ಬಸ್ ಕಂಡಕ್ಟರುಗಳು ಅದನ್ನು ಹಳ್ಳಿಗೆ ಮುಟ್ಟಿಸುತ್ತಿದ್ದರು. ಕೈಬರಹದ ಕಾರ್ಡುಗಳನ್ನು ಟ್ರಸ್ಟ್ ನಿಲ್ಲಿಸಿಬಿಟ್ಟಿತು. ಒಳಗಿನ ಡಿಸ್ಕ್ ಕೆಟ್ಟರೂ ಹೆಸರುಗಳು ಉಳಿಯಲೆಂದು ಸಾವಂತ್ರಮ್ಮ ವಾರಕ್ಕೊಮ್ಮೆ ಎಲ್ಲವನ್ನೂ ಟೇಪಿಗೆ ಇಳಿಸುತ್ತಿದ್ದರು. ಪ್ರತಿ ಸಲವೂ ಕೆಲಸ ಮುಗಿಯಿತೆಂದು ಯಂತ್ರ ಹೇಳುತ್ತಿತ್ತು. ಆ ಟೇಪನ್ನು ತಿರುಗಿ ಓದಿ ನೋಡಬೇಕೆಂದು ಯಾರೂ ಹೇಳಿಕೊಟ್ಟಿರಲಿಲ್ಲ.

ಎಂಬತ್ತಾರರ ಬೇಸಿಗೆಯಲ್ಲಿ ಟೇಪು ಯಂತ್ರ ಕಿರುಗುಟ್ಟತೊಡಗಿತು. ಬೆಂಗಳೂರಿನಿಂದ ಬಂದ ಎಂಜಿನಿಯರ್ ತಿಪ್ಪೇರುದ್ರಸ್ವಾಮಿ, ಹೆಡ್ಡು ಕೂದಲೆಳೆಯಷ್ಟು ಓರೆಯಾಗಿರುವುದನ್ನು ಕಂಡು ನೆಟ್ಟಗೆ ಮಾಡಿ ಹೋದರು. ಅದೇ ವಾರ, ಹೊಸ ಟೇಪು ಬರೆಯುವ ಮೊದಲೇ, ಗಾಳಿಮಳೆಗೆ ವೋಲ್ಟೇಜು ಏರಿ ಡಿಸ್ಕ್ ಸುಟ್ಟಿತು. ಬೇರೆ ಡಿಸ್ಕ್ ತರಿಸಿ, ತಿಪ್ಪೇರುದ್ರಸ್ವಾಮಿಯವರನ್ನು ಮತ್ತೆ ಕರೆಸಿ ಹಳೆಯ ಟೇಪು ಹಾಕಿದರೆ ಒಂದು ಹೆಸರೂ ಬರಲಿಲ್ಲ. ಓರೆ ಹೆಡ್ಡು ಬರೆದದ್ದನ್ನು ನೆಟ್ಟಗಿನ ಹೆಡ್ಡು ಓದಲೊಲ್ಲದು.

“ಸ್ವಾಮಿಗಳು ತಲೆ ಮ್ಯಾಲೆ ಕೈ ಹೊತ್ಕಂಡು ಕುಂತ್ರು. ಆಮೇಲೆ ಅವರೇ ಅಂದ್ರು, ಸಾವಂತ್ರಮ್ಮಾರೇ, ಮತ್ತೆ ಓರೆ ಮಾಡಿ ನೋಡಾನ ಅಂತ.”

ಅವರು ಹೆಡ್ಡಿನ ಸ್ಕ್ರೂ ಒಂದಿಷ್ಟು ತಿರುಗಿಸುವುದು, ಇವರು ಟೇಪು ಹಾಕುವುದು. ಬರಲಿಲ್ಲವೆಂದರೆ ಮತ್ತೊಂದಿಷ್ಟು. ದಿನಗಟ್ಟಲೆ ಇದೇ ನಡೆಯಿತು. ಒಂದು ಮಧ್ಯಾಹ್ನ ಪರದೆಯ ಮೇಲೆ ಹೆಸರುಗಳು ಸಾಲಾಗಿ ಇಳಿಯತೊಡಗಿದಾಗ ಇಬ್ಬರೂ ಅತ್ತರಂತೆ. ಆದರೆ ಟೇಪಿನ ಒಂದು ತುಂಡು ಯಂತ್ರದಲ್ಲಿ ಸಿಕ್ಕಿ ಮುದುಡಿಹೋಗಿತ್ತು. ಅದರಲ್ಲಿದ್ದ ಏಳೆಂಟು ಹಳ್ಳಿಗಳ ರೋಗಿಗಳ ಹೆಸರುಗಳು ಹೋದವು. ಬೇರೆ ಡಿಸ್ಕ್ ಬರುವಷ್ಟರಲ್ಲೇ ಮುಂಗಾರು ಕಳೆದಿತ್ತು. ಅಷ್ಟೂ ತಿಂಗಳು ಯಾರಿಗೂ ಚೀಟಿ ಹೋಗಿರಲಿಲ್ಲ.

ಸಾವಂತ್ರಮ್ಮ ರಜೆ ಹಾಕಿ ಆ ಹಳ್ಳಿಗಳಿಗೆ ಹೊರಟರು. “ಊರ ಮುಂದೆ ನಿಂತ್ಕಂಡು ಕ್ಷಯದೋರು ಯಾರ್ರೀ ಅಂತ ಕೇಳಾಕಾಗಲ್ಲ. ಅವರ ಮನೀಗೆ ಯಾರೂ ಹೆಣ್ಣು ಕೊಡಲ್ಲ ಆಮೇಲೆ. ಸೂಲಗಿತ್ತಿ ಮನೆ ಹುಡುಕ್ಕಂಡು ಹೋಗಿ, ಗುಟ್ಟಾಗಿ ಕೇಳ್ತಿದ್ದೆ.” ಹೀಗೆ ಬಹಳ ಜನ ಸಿಕ್ಕರು. ಮತ್ತೆ ಮಾತ್ರೆ ಹಿಡಿದರು.

ಕೊನೆಯ ಹಳ್ಳಿಯಲ್ಲಿ ಸಿಕ್ಕವಳು ಅಂತರಘಟ್ಟಮ್ಮ. ಚನ್ನಗಿರಿ ಕಡೆಯಿಂದ ಮದುವೆಯಾಗಿ ಬಂದವಳು. ಬೇಸಿಗೆಯ ಹೊತ್ತಿಗೆ ಕೆಮ್ಮು ನಿಂತು, ಮೈ ಕೈ ತುಂಬಿಕೊಂಡು, ಹೊಲದ ಕೆಲಸಕ್ಕೂ ಹೋಗುತ್ತಿದ್ದಳು. ಸಾವಂತ್ರಮ್ಮ ಹೋದಾಗ ಹಗ್ಗದ ಮಂಚದ ಮೇಲೆ ಒಂದು ಹಿಡಿಯಾಗಿ ಮಲಗಿದ್ದಳು. ತಲೆದೆಸೆಯ ಬಟ್ಟೆಯಲ್ಲಿ ರಕ್ತ.

“ಯಾಕವ್ವಾ ಬರಲಿಲ್ಲ ಅಂದೆ. ‘ಚೀಟಿ ಬರಲಿಲ್ಲಲ್ಲಕ್ಕಾ, ವಾಸಿ ಆಗೈತೆ, ಇನ್ನ ಬ್ಯಾಡ ಅಂತ ಬಿಟ್ಟಾರೆ ಅನ್ಕಂಡೆ’ ಅಂದ್ಲು. ನಗ್ತಾನೇ ಅಂದ್ಲು ರೀ.”

ಸಾವಂತ್ರಮ್ಮ ಕಂದಾದ ಹತ್ತಿ ಕಿತ್ತು, ಕಡ್ಡಿಗೆ ಹೊಸ ಹತ್ತಿ ಸುತ್ತುತ್ತಾರೆ.

ಗಾಡಿಯಲ್ಲಿ ಚಿಕಿತ್ಸಾಲಯಕ್ಕೆ ಕರೆತಂದರು. ಈ ಸಲ ಮಾತ್ರೆ ಹತ್ತಲಿಲ್ಲ. ದಸರೆ ಕಳೆದ ವಾರ ಆಕೆ ತೀರಿಕೊಂಡಳು. ಗಂಡ ಚಿಕ್ಕಹನುಮಂತಪ್ಪ ಯಾರನ್ನೂ ಬೈಯಲಿಲ್ಲ. ಹೆಣ ಗಾಡಿಗೆ ಏರಿಸಿ, ಹಗ್ಗ ಬಿಗಿದು, ಸಾವಂತ್ರಮ್ಮನವರ ಬಳಿ ಬಂದು ನಿಂತರು. “ಚೀಟಿ ಒಂದು ಬಂದಿದ್ರೆ ನಡ್ಕಂಡಾದ್ರೂ ಬರ್ತಿದ್ಲು ಕಣಮ್ಮಾ” ಎಂದಷ್ಟೇ ಹೇಳಿದರು. “ಬೈದಿದ್ರೆ ಇಷ್ಟು ದಿನದಾಗೆ ಮರ್ತಿರ್ತಿದ್ದೆ” ಎನ್ನುತ್ತಾರೆ ಸಾವಂತ್ರಮ್ಮ.

ಮೂರು ವರ್ಷವಾಯಿತು. ಅಂದಿನಿಂದ ಅವರು ದಿನವೂ ಎರಡು ಟೇಪು ಬರೆಯುತ್ತಾರೆ. ಬರೆದದ್ದನ್ನು ಅಲ್ಲೇ ಓದಿಸಿ, ಡಿಸ್ಕಿನಲ್ಲಿರುವುದರ ಜೊತೆ ತಾಳೆ ನೋಡುತ್ತಾರೆ. ಒಂದಕ್ಷರ ತಪ್ಪಿದರೂ ಹೆಡ್ಡು ಒರೆಸಿ, ಮೊದಲಿಂದ ಬರೆಯುತ್ತಾರೆ. ಕೆಲವು ದಿನ ಅದರಲ್ಲೇ ತಿಂಡಿಯ ಹೊತ್ತು ಮೀರುತ್ತದೆ. ಒಂದು ಟೇಪು ಇಲ್ಲೇ ಇರುತ್ತದೆ, ಇನ್ನೊಂದನ್ನು ಮನೆಗೊಯ್ದು ಸೀರೆಗಳ ಟ್ರಂಕಿನಲ್ಲಿ ಇಡುತ್ತಾರೆ. ಯಂತ್ರದ ಬಿಡಿಭಾಗ ಈಗೆಲ್ಲೂ ಸಿಗುವುದಿಲ್ಲ. ಹೊಸದು ಕೊಳ್ಳುವ ಶಕ್ತಿ ಟ್ರಸ್ಟಿಗಿಲ್ಲ. ಈ ವರ್ಷವೂ ಎರಡು ಸಲ ಟೇಪು ಮುದುಡಿದೆ. ಆದರೆ ಒಂದು ಹೆಸರೂ ಹೋಗಿಲ್ಲ.

ಹೊರಗೆ ಮೊದಲ ಬಸ್ಸು ಹಾರ್ನ್ ಹಾಕುತ್ತದೆ. ಹೊರಡುವ ಮುನ್ನ, ನಿಮ್ಮ ಬಗ್ಗೆ ಏನು ಬರೆಯಲಿ ಎಂದು ಕೇಳುತ್ತೇನೆ.

“ನಂದೇನು ಬ್ಯಾಡ್ರಿ. ಚೀಟಿ ಬರಲಿಲ್ಲ ಅಂದ್ರೆ ವಾಸಿ ಆತು ಅಂತ ಯಾರೂ ತಿಳ್ಕಬ್ಯಾಡ್ರಿ, ಬಂದು ನಮ್ಮನ್ನ ಬೈದು ಮಾತ್ರೆ ಇಸ್ಕಂಡು ಹೋಗ್ರಿ ಅಂತ ದಪ್ಪ ಅಕ್ಷರದಾಗೆ ಹಾಕ್ರಿ. ಜಾಗ ಸಾಲದಿದ್ರೆ ನನ್ನ ಹೆಸರು ತೆಗೀರಿ.”