ಕಾವಿಗೆ ಕೂತ ಕೋಳಿಯ ಮೂಗಿಗೆ ಗರಿ

ಇವತ್ತು ಹೊಸಹಳ್ಳಿಯಲ್ಲಿ ಕೋಳಿ ಅಂಗಡಿಯ ವಾಸನೆ ಮೂಗಿಗೆ ಬಡಿದಾಗ ನಮ್ಮ ವಿಜಯನಗರದ ಹಿತ್ತಲು ನೆನಪಾಯಿತು.

ನಾನು ಚಿಕ್ಕವಳಿದ್ದಾಗ ಮೊಟ್ಟೆಗೆಂದು ಅಜ್ಜಿ ಅಲ್ಲಿ ಆರು ಕೋಳಿ ಸಾಕಿದ್ದಳು. ಅದರಲ್ಲೊಂದು ಮೊಟ್ಟೆಯಿಡುವುದನ್ನು ನಿಲ್ಲಿಸಿ ಖಾಲಿ ಬುಟ್ಟಿಯಲ್ಲಿ ಕಾವಿಗೆ ಕೂತಿತು. ಅಜ್ಜಿ ಅದನ್ನು ತಣ್ಣೀರಲ್ಲಿ ಅದ್ದಿ, ಅದರದೇ ಗರಿ ಕಿತ್ತು ಮೂಗಿನ ತೂತಿಗೆ ಅಡ್ಡಲಾಗಿ ತೂರಿಸಿದಳು.

"ಇನ್ನು ಕಾವು ಮರೆಯುತ್ತೆ ಬಿಡು."

ಹಿಂದಿನ ತಿಂಗಳಷ್ಟೇ ಹಸುಗೂಸನ್ನು ಕಳೆದುಕೊಂಡಿದ್ದ ಚಿಕ್ಕಮ್ಮ ಮಧ್ಯಾಹ್ನ ಗುಟ್ಟಾಗಿ ಆ ಗರಿ ಎಳೆದು ಹಾಕಿದಳು. "ಅಜ್ಜಿಗೆ ಹೇಳ್ಬೇಡ ಕಣೇ" ಎಂದಳು.

ಅಜ್ಜಿ ಕೊಡುವ ಒಂದು ಬೇಯಿಸಿದ ಮೊಟ್ಟೆಯ ಆಸೆಗೆ ನಾನು ಹೇಳಿಬಿಟ್ಟೆ.

ಅಜ್ಜಿ ಇನ್ನೊಂದು ಗರಿ ಕಿತ್ತು ಚಿಕ್ಕಮ್ಮನ ಕೈಗಿಟ್ಟಳು. "ಈಗ ನೀನೇ ತೂರ್ಸು."

ಕೋಳಿ ಒದ್ದಾಡಿತು. ಚಿಕ್ಕಮ್ಮ ತೂರಿಸಿದಳು. ನಾನು ಮೊಟ್ಟೆ ಸುಲಿದು ತಿಂದೆ.

ಚಿಕ್ಕಮ್ಮನಿಗೆ ಮತ್ತೆ ಮಕ್ಕಳಾಗಲಿಲ್ಲ. ಈಗ ನನ್ನ ಮನೆಯಲ್ಲೇ ಇದ್ದಾಳೆ. ಬಂದವರಿಗೆಲ್ಲ ನನ್ನನ್ನು ತೋರಿಸಿ, "ಇವ್ಳೇ ನನ್ ಮಗ್ಳು" ಅನ್ನುತ್ತಾಳೆ.