ಒಂದೇ ಸಾಲಿನ ಜ್ವರ

ಮಹಾನಗರದಂಚಿನ ತುರ್ಭೆಯ ಗುಡ್ಡದ ಕೆಳಗೆ, ತಗಡಿನ ಗೋಡೆಗಳ ಸಾಲಿನಲ್ಲಿ ಮಾನಮ್ಮನ ಒಂದೇ ಕೋಣೆಯ ಖೋಲಿ. ಮದುವೆಯಾದ ವರ್ಷವೇ ರಾಯಚೂರು ಕಡೆಯಿಂದ ಬಂದವಳು. ಗಂಡ ಮಾಪಣ್ಣ ಮಾರ್ಕೆಟ್ಟಿನಲ್ಲಿ ಮೆಣಸಿನಕಾಯಿ ಚೀಲ ಹೊರುತ್ತಿದ್ದ. ಅವಳು ಅಲ್ಲೇ ಕಾಯಿಯ ತೊಟ್ಟು ಬಿಡಿಸುತ್ತಿದ್ದಳು.

ಚಳಿಗಾಲ ಮುಗಿಯುವ ಹೊತ್ತಿಗೆ ಪಕ್ಕದ ಖೋಲಿಯ ಅಂಬಾದಾಸ ಬೆಳಿಗ್ಗೆ ತಲೆನೋವೆಂದು ಮಲಗಿದವನು ಸಂಜೆಗೆ ತೀರಿಹೋದ. ಮೈಮೇಲೆ ನೇರಳೆ ಚುಕ್ಕೆಗಳೆದ್ದಿದ್ದವು, ಯಾರೋ ಬೆರಳಿನಿಂದ ಒತ್ತಿದ ಹಾಗೆ. ಆಮೇಲೆ ಅದರಾಚೆಯ ಭೀಮಮ್ಮ ಹೋದಳು. ಕೊಳಚೆ ಹರಿಯುವ ನಾಲಾದ ಆ ಬದಿ ಯಾರಿಗೂ ಏನಿಲ್ಲ, ರಸ್ತೆಯಾಚೆಯ ಸೊಸೈಟಿ ಕಟ್ಟಡಗಳಲ್ಲೂ ಇಲ್ಲ. ಯಾವುದೋ ದೆವ್ವ ಬಾಗಿಲಿಂದ ಬಾಗಿಲಿಗೆ ನಡೆಯುತ್ತಿದೆ ಎಂದರು ಜನ. ಕಿಟಕಿಗಳಿಗೆ ಗೋಣಿತಟ್ಟು ಬಡಿದರು. ಹಗಲಲ್ಲೂ ಓಣಿಯಲ್ಲಿ ಸದ್ದಿರಲಿಲ್ಲ.

ಒಂದು ಮಧ್ಯಾಹ್ನ ಮಾನಮ್ಮ ಮನೆಗೆ ಬಂದಾಗ ಮಾಪಣ್ಣ ಗೋಡೆಗೆ ಮುಖ ಮಾಡಿ ಕೂತಿದ್ದ.

“ಬಾಗ್ಲಾ ಹಾಕು. ಬೆಳಕು ಚುಚ್ಚಾಕತ್ತೈತಿ.”

“ಈ ಕಡಿ ತಿರುಗ್ರಿ.”

“ಕುತಗಿ ತಿರುಗವಲ್ದು. ಅಂಬಾದಾಸ ಬಂದು ಹಿಡಕೊಂಡಾನ, ನೋಡು.”

ಹಾಗೆಂದು ಖಾಲಿ ಗೋಡೆಯ ಕಡೆ ನಕ್ಕ. ಮಾನಮ್ಮ ಬಾಗಿಲಿಗೆ ಬಂದು ಕೂಗಿದಳು.

ನೆರೆಯ ಮುಂಡಪ್ಪ ಹೊಸ್ತಿಲಲ್ಲೇ ನಿಂತ. “ತಂಗಿ, ನಿಂಬಿಹಣ್ಣು ಇಳಿಸೂಣು.”

“ಭೀಮಮ್ಮಗ ಇಳಿಸಿದ್ರಲ್ಲ ಅಣ್ಣಾ, ಉಳದಳೇನು? ರಿಕ್ಷಾ ಕರೀರಿ.”

ಆಸ್ಪತ್ರೆಯಲ್ಲಿದ್ದ ಡಾಕ್ಟರ್ ಸುಗುಣಾ ಉಡುಪಿಯವರು. ಮಾಪಣ್ಣನ ಬೆನ್ನೆಲುಬಿನಿಂದ ನೀರು ತೆಗೆಸಿ ಪರೀಕ್ಷೆ ಮಾಡಿಸಿದರು.

“ದೆವ್ವ ಅಲ್ಲಮ್ಮ. ಮಿದುಳಿನ ಪೊರೆಗೆ ಸೋಂಕು. ಕೆಮ್ಮಿದರೆ, ಉಸಿರು ತಾಗಿದರೆ ಹರಡ್ತದೆ. ಒಣಹವೆಯಲ್ಲಿ, ಜನ ಒತ್ತೊತ್ತಾಗಿ ಮಲಗುವಲ್ಲಿ ಜಾಸ್ತಿ. ನಿಮ್ಮ ಸಾಲಿನವರು ಹೇಗೆ ಮಲಗುವುದು?”

ಸಾಲಿನಲ್ಲಿದ್ದ ಚೀಲ ಹೊರುವ ಹಮಾಲರು ಪಾಳಿಯ ಮೇಲೆ ಮಲಗುತ್ತಿದ್ದರು. ಒಬ್ಬ ಎದ್ದ ಬಿಸಿ ಹಾಸಿಗೆಗೇ ಇನ್ನೊಬ್ಬ. ಭೀಮಮ್ಮ ಅವರಿಗೆಲ್ಲ ರೊಟ್ಟಿ ಬಡಿಯುತ್ತಿದ್ದವಳು. ಓಣಿಯಲ್ಲಿ ನಡೆದಾಡುತ್ತಿದ್ದದ್ದು ತಮ್ಮದೇ ಉಸಿರು ಎಂದು ತಿಳಿದಾಗ ಮಾನಮ್ಮನಿಗೆ ದೆವ್ವಕ್ಕಿಂತ ಅದರದೇ ಹೆಚ್ಚು ಭಯವಾಯಿತು.

ಮರುದಿನ ಸೋಂಕು ತಡೆಯುವ ಮಾತ್ರೆ ಹಂಚಲು ಆಸ್ಪತ್ರೆಯಿಂದ ಬಂದ ನರ್ಸ್‌ಗೆ ಯಾರೂ ಬಾಗಿಲು ತೆಗೆಯಲಿಲ್ಲ. ಮಾನಮ್ಮ ತಾನೇ ತಗಡು ಬಡಿದಳು.

“ಹೊರಗ ಏನೂ ಇಲ್ಲ, ಮುಂಡಪ್ಪಣ್ಣಾ. ಅದನ್ನ ಒಳಗ ಕೂಡಿ ಹಾಕ್ಕೊಂಡೀರಿ. ತಗೀರಿ!”

ಬಹಳ ಹೊತ್ತಿನ ಮೇಲೆ ಒಳಗಿನಿಂದ ಗೋಣಿ ಹರಿದ ಸದ್ದು ಕೇಳಿತು. ಒಬ್ಬೊಬ್ಬರಾಗಿ ಮಾತ್ರೆ ನುಂಗಿದರು. ಸಾಲಿನಲ್ಲಿ ಮತ್ತೆ ಯಾರೂ ಜ್ವರದಿಂದ ಮಲಗಲಿಲ್ಲ.

ಮಾಪಣ್ಣ ಉಳಿದ, ಕಿವಿ ಮಾತ್ರ ಎರಡೂ ಹೋದವು. ಈಗಲೂ ಚೀಲ ಹೊರುತ್ತಾನೆ. ಲಾರಿ ಹಿಂದಕ್ಕೆ ಬಂದರೆ ಮಾನಮ್ಮ ಓಡಿಬಂದು ಭುಜ ಮುಟ್ಟುತ್ತಾಳೆ. ಒಮ್ಮೊಮ್ಮೆ ಉಣ್ಣುತ್ತಿದ್ದವನು ತಲೆಯೆತ್ತಿ, “ಏನಂದಿ?” ಎನ್ನುತ್ತಾನೆ.

ಅವಳು ಏನೂ ಅಂದಿರುವುದಿಲ್ಲ.