ರಿಬ್ಬನ್ ಕಟ್ಟಿದ ಗಿಡದಲ್ಲಿ ಹುಳ ಇರ್ಲಿಲ್ಲ

ಸೋಮವಾರ ಕಾಲು ಜಾರ್ತು ಅಂತ ಪಕ್ಕದ ಪೈನ್ ಸಸಿ ಹಿಡ್ಕೊಂಡೆ. ಕುಡಿ ಮುರಿದು ಕೈಗೆ ಬಂತು. ಒಳಗೆ ಅಕ್ಕಿಕಾಳಿನಷ್ಟು ಹುಳ, ಆರಾಮಾಗಿ ತಿನ್ಕೊಂಡು ಕೂತಿದೆ.

ಅದರ ಪಕ್ಕದ್ದು ಮುರಿದೆ, ಅದ್ರಲ್ಲೂ ಇದೆ. ಇನ್ನೊಂದು... ಅಯ್ಯೋ ದೇವ್ರೇ, ಇಡೀ ಸಾಲೇ ಹೋಗಿದೆ!

ನಾನು ಎಲೆಕ್ಟ್ರಾನಿಕ್ ಸಿಟಿಯ ಒಂದು ಕ್ಯಾಂಪಸ್ಸಲ್ಲಿ ಗಾರ್ಡನ್ ಸೂಪರ್‌ವೈಸರ್. ನಮ್ಮ ದೊಡ್ಡ ಸಾಹೇಬ್ರು ಊಟಿಗೆ ಹೋಗಿ ಬಂದವ್ರೇ, ಹಿಂದಿನ ಖಾಲಿ ಜಾಗಾನೂ ಹಂಗೇ ಆಗ್ಬೇಕು ಅಂದ್ರು. ಇಲ್ಲಿನ ಬಿಸಿಲಿಗೆ ಪೈನ್ ಬೇಡ ಸಾರ್ ಅಂದೆ, ಕೇಳೋರ್ಯಾರು? ಐನೂರು ಸಸಿ ಬಂದಿಳೀತು.

ಹುಳ ಬಿದ್ದಿದ್ಯಾ ಅಂತ ನೋಡೋದು ನನ್ನ ಡ್ಯೂಟಿ. ಅಷ್ಟೂ ನೋಡೋಕಾಗಲ್ಲ, ಅದಕ್ಕೆ ಹತ್ತಕ್ಕೊಂದು ಗಿಡಕ್ಕೆ ಹಳದಿ ರಿಬ್ಬನ್ ಕಟ್ಟಿದ್ದೆ. ಪ್ರತಿ ಸೋಮವಾರ ಆ ಗಿಡಗಳ ಕುಡಿ ನೋಡಿ, ಫೋಟೋ ತೆಗ್ದು, ಆ್ಯಪಿಗೆ ಹಾಕೋದು.

ನಾಲ್ಕು ತಿಂಗಳು ಒಂದೂ ಹುಳ ಇಲ್ಲ. ನಾನು ಬೀಗಿದ್ದೇ ಬೀಗಿದ್ದು.

ಮಿಕ್ಕ ಗಿಡಗಳ ತುದಿ ಒಣಗಿದ್ದು ಕಣ್ಣಿಗೆ ಬಿದ್ದಿತ್ತು ಕಣ್ರೀ. ಬಿಸಿಲಿಗೆ ಅಂದ್ಕೊಂಡೆ. ಆ್ಯಪಲ್ಲಿ ಎಲ್ಲಾ ಹಸಿರು ತೋರಿಸ್ತಿರೋವಾಗ ಯಾರು ತಲೆ ಕೆಡಿಸ್ಕೋತಾರೆ?

ಅಲ್ಲೇ ಕಳೆ ಕೀಳ್ತಿದ್ದ ಯಲ್ಲವ್ವಕ್ಕನ್ನ ಕರೆದೆ. ಕೊಪ್ಪಳದ ಕಡೆಯವರು, ಕಾಂಟ್ರಾಕ್ಟ್ ಮೇಲೆ ನಮ್ಮಲ್ಲಿ ಕೆಲ್ಸಕ್ಕಿದ್ರು. ರಿಬ್ಬನ್ ಗಿಡದಲ್ಲಿ ಮಾತ್ರ ಯಾಕೆ ಹುಳ ಇಲ್ಲ ಅಂತ ಕೇಳಿದ್ದಕ್ಕೆ ಮುಖ ಅರಳಿಸ್ಕೊಂಡು ಹೇಳಿದ್ರು.

"ರಿಬ್ಬನ್ ಗಿಡದ್ದ ನೀವು ಫೋಟೋ ಹೊಡಿತೀರಲ್ರೀ ಮೇಡಮ್ಮಾರ. ಅದಕ ಶನಿವಾರನ ಹುಳ ಹತ್ತಿದ ಕುಡಿ ಎಲ್ಲಾ ಚಿವುಟಿ ತಗದಿರ್ತೀನ್ರಿ. ನಿಮಗ ಯಾರೂ ಏನೂ ಅನಬಾರ್ದಲ್ರೀ?"

ಚಿವುಟಿದ ಗುರುತು ನಾನೂ ನೋಡಿದ್ದೆ, ಶೇಪ್ ಮಾಡಿದಾರೆ ಅಂದ್ಕೊಂಡಿದ್ದೆ. ಶುರುವಲ್ಲಿ "ರಿಬ್ಬನ್ ಗಿಡ ಹುಷಾರಕ್ಕಾ" ಅಂತಷ್ಟೇ ಹೇಳಿದ್ದು. ಯಾಕೆ ಕಟ್ಟಿದೀನಿ ಅಂತ ಒಂದು ಮಾತು ಹೇಳಿರ್ಲಿಲ್ಲ. ಅವನ್ನ ನೋಡಿಯೇ ಮಿಕ್ಕಿದ್ರ ಗತಿ ತಿಳ್ಕೋಬೇಕು, ಅದಕ್ಕೆ ಆ ಗಿಡಗಳನ್ನ ಹಂಗಂಗೇ ಬಿಡಬೇಕಿತ್ತು ಅಂತ ಅಕ್ಕಂಗೆ ಹೆಂಗೆ ಗೊತ್ತಾಗ್ಬೇಕು?

ಗಾಬರೀಲಿ ನಡೆದಿದ್ದನ್ನ ಕಾಂಟ್ರಾಕ್ಟರ್‌ಗೆ ಒದರಿಬಿಟ್ಟೆ. ಬುಧವಾರ ಮೀಟಿಂಗು. ಎಲ್ಲಾ ಗಿಡ ಕಿತ್ತು ಸುಡಬೇಕು ಅಂತ ತೀರ್ಮಾನ ಆಯ್ತು. ಇಷ್ಟು ದಿನ ಯಾಕೆ ಗೊತ್ತಾಗ್ಲಿಲ್ಲ ಅಂತ ಮ್ಯಾನೇಜರ್ ಕೇಳಿದ್ರೆ, ಕಾಂಟ್ರಾಕ್ಟರ್ ಥಟ್ ಅಂತ, "ಆ ಹೆಂಗಸು ಮುಚ್ಚಿಟ್ಟಿದ್ದು ಸಾರ್, ಈ ವಾರಾನೇ ಕೆಲ್ಸದಿಂದ ತೆಗೀತೀನಿ" ಅಂದ.

ಇಲ್ಲ ಸಾರ್, ಹೇಳಿಕೊಡದೆ ಇದ್ದಿದ್ದು ನಾನು... ಅನ್ಬೇಕಿತ್ತು. ಎದುರಿಗಿದ್ದ ನೀರು ಎತ್ಕೊಂಡು ಕುಡಿದೆ.

ತೆಗೆಯೋ ಮುಂಚೆ ಸಸಿ ಕಿತ್ತು ಗುಡ್ಡೆ ಹಾಕೋ ಕೆಲ್ಸಾನೂ ಅಕ್ಕನ ಕೈಲೇ ಮಾಡಿಸಿದ್ರು. ಎರಡು ದಿನ ಹಿಡೀತು.

ಶುಕ್ರವಾರ ಸಂಜೆ ಐಡಿ ಕಾರ್ಡ್ ಕೊಡೋಕೆ ಬಂದ್ರು. ಬೈತಾರೇನೋ, ಬೈಲಿ ಅಂತ ಕಾಯ್ತಾ ನಿಂತಿದ್ದೆ.

"ನನ್ನಿಂದ ನಿಮಗ ಮಾತು ಬಂತಲ್ರೀ ಮೇಡಮ್ಮಾರ. ಮನಸ್ನ್ಯಾಗ ಇಟ್ಕೋಬ್ಯಾಡ್ರಿ."

ಥೂ, ನನ್ನ ಜನ್ಮಕ್ಕಿಷ್ಟು! ತಲೆ ಆಡಿಸಿ ಕಾರ್ಡ್ ಇಸ್ಕೊಂಡೆ.

ಈಗ ನಿಮ್ಮೆಲ್ಲರ ಮುಂದೆ ಉದ್ದಕ್ಕೆ ಬರೀತಿದೀನಿ. ಯಲ್ಲವ್ವಕ್ಕಂಗೆ ಓದೋಕೆ ಬರಲ್ಲ, ಮ್ಯಾನೇಜರ್‌ಗೆ ಕನ್ನಡ ಬರಲ್ಲ... ಇದನ್ನೂ ತಪ್ಪು ಒಪ್ಕೊಳ್ಳೋದು ಅಂತಾರಾ, ಹೇಳಿ?